ಇನ್ನೂರು ಗಂಟೆಯ ಬೆಲೆ

ನಮ್ಮಣ್ಣನಿಗೆ ಮಾನ್ವಿ ಕಡೆ ನಾಲ್ಕು ಎಕರೆ ಹೊಲ ಇದೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗ. ನೀರು ಬಂದ ವರ್ಷ ಭತ್ತ, ಬಾರದ ವರ್ಷ ಜೋಳ. ಅವನ ಮಗ ಪಿಯುಸಿ ಸೈನ್ಸ್ ಮುಗಿಸಿ ಮಣಿಕೊಂಡದ ನನ್ನ ಬಾಡಿಗೆ ಮನೆಗೆ ಬಂದಿದ್ದಾನೆ. ಪೈಲಟ್ ಆಗಬೇಕಂತೆ. ಅಣ್ಣ ಫೋನಿನಲ್ಲಿ ಕೇಳಿದ್ದು ಇಷ್ಟೇ: “ನೀ ಐಟಿಯಾಗ ಇದ್ದೀಯಪಾ, ಲೆಕ್ಕ ಹಾಕಿ ಹೇಳು. ಎರಡು ಎಕರೆ ಮಾರಿದ್ರ ಸಾಕೋ, ನಾಲ್ಕೂ ಮಾರಬೇಕೋ?”

ಎರಡು ವಾರ ರಾತ್ರಿ ಇದೇ ಕೆಲಸ. ಭಾರತದ ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ ಡಿಜಿಸಿಎ ಕೇಳುವುದು 200 ಗಂಟೆ ಹಾರಾಟ. ಅದರಲ್ಲಿ 100 ಗಂಟೆ ತಾನೇ ಪೈಲಟ್ ಇನ್ ಕಮಾಂಡ್ ಆಗಿ ಹಾರಿಸಿರಬೇಕು. ಜೊತೆಗೆ ನ್ಯಾವಿಗೇಷನ್, ಹವಾಮಾನ, ವಾಯು ನಿಯಮ, ಟೆಕ್ನಿಕಲ್ ಪತ್ರಿಕೆಗಳು, ರೇಡಿಯೊ ಪರೀಕ್ಷೆ. ಖಾಸಗಿ ಶಾಲೆಗಳಲ್ಲಿ ಇದಕ್ಕೆಲ್ಲ ಐವತ್ತು ಲಕ್ಷದ ಮೇಲೆಯೇ ಹೇಳುತ್ತಾರೆ. ರಾಯಬರೇಲಿ ಹತ್ತಿರ ಫುರ್ಸತ್‌ಗಂಜ್‌ನಲ್ಲಿ ಕೇಂದ್ರ ಸರ್ಕಾರದ ಅಕಾಡೆಮಿ ಇದೆ. ಅಲ್ಲಿಗೆ ಪ್ರವೇಶ ಪರೀಕ್ಷೆ ಬರೆಯಬೇಕು. ವಿಮಾನ ಕಂಪನಿಗಳ ಕೆಡೆಟ್ ಯೋಜನೆಯ ಖರ್ಚು ಕೋಟಿಯ ಆಸುಪಾಸು. ಅಮೆರಿಕ, ದಕ್ಷಿಣ ಆಫ್ರಿಕಾದಲ್ಲಿ ಬೇಗ ಮುಗಿಯುತ್ತದೆ, ಆದರೆ ವಾಪಸ್ ಬಂದು ಲೈಸೆನ್ಸ್ ಬದಲಾಯಿಸಿಕೊಳ್ಳುವ ಪರೀಕ್ಷೆ, ಹಾರಾಟ ಎಲ್ಲ ಇಲ್ಲಿ ಮತ್ತೆ ಕಾದಿರುತ್ತವೆ. ಇಷ್ಟಾದರೂ ಏರ್‌ಬಸ್ ಹಾರಿಸಲು ಟೈಪ್ ರೇಟಿಂಗ್ ಬೇಕು, ಅದು ಬೇರೆ ಹತ್ತಾರು ಲಕ್ಷ. ಅನೇಕ ಕರಪತ್ರಗಳಲ್ಲಿ ಈ ಸಾಲು ಕೊನೆಯ ಪುಟದಲ್ಲಿ, ಸಣ್ಣ ಅಕ್ಷರದಲ್ಲಿ.

ನಮ್ಮ ಹುಡುಗ ಶುಲ್ಕದ ಪ್ರಕಾರ ಪಟ್ಟಿ ಮಾಡಿ, ಅಗ್ಗದ್ದನ್ನು ಮೇಲಿಟ್ಟಿದ್ದ. ನನಗೆ ಆ ಪಟ್ಟಿ ಒಪ್ಪಿಗೆಯಾಗಲಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ತಿಂಗಳಿಗೆ ಎಷ್ಟು ಗಂಟೆ ಹಾರಿಸುತ್ತಾರೆ? ಇಪ್ಪತ್ತು ಗಂಟೆಯಾದರೆ 200 ಗಂಟೆ ಹತ್ತು ತಿಂಗಳು. ಎಂಟೇ ಗಂಟೆಯಾದರೆ ಇಪ್ಪತ್ತೈದು ತಿಂಗಳು. 60 ಲಕ್ಷ ಸಾಲಕ್ಕೆ ಶೇಕಡಾ 11ರ ಬಡ್ಡಿ ಹಿಡಿದರೆ, ಪೂರ್ತಿ ಸಾಲ ಎತ್ತಿದ ಮೇಲೆ ತಿಂಗಳಿಗೆ 55 ಸಾವಿರ. ಹದಿನೈದು ತಿಂಗಳು ತಡವಾದರೆ ಬಡ್ಡಿಯೇ ಎಂಟೂಕಾಲು ಲಕ್ಷ, ಹಾಸ್ಟೆಲ್ಲು ಊಟ ಬಿಟ್ಟು. ಮಂಜು, ಮಳೆ, ಕೆಟ್ಟು ನಿಂತ ವಿಮಾನ, ಬಿಟ್ಟುಹೋದ ಇನ್‌ಸ್ಟ್ರಕ್ಟರ್, ಯಾವುದಕ್ಕೂ ಬ್ಯಾಂಕು ಬಡ್ಡಿ ನಿಲ್ಲಿಸುವುದಿಲ್ಲ. ಏಳೂವರೆ ಲಕ್ಷ ದಾಟಿದ ಶಿಕ್ಷಣ ಸಾಲಕ್ಕೆ ಸಾಮಾನ್ಯವಾಗಿ ಅಡಮಾನ ಕೇಳುತ್ತಾರೆ. ಅಂದರೆ ಹೊಲ ಮಾರದಿದ್ದರೂ ಅದರ ಪಹಣಿ ಬ್ಯಾಂಕಿನಲ್ಲಿ!

“ಶಾಲೆಗೆ ಹೋಗಿ ಎಷ್ಟು ವಿಮಾನ ಹಾರ್ತಾವ, ಎಷ್ಟು ಶೆಡ್ಡಿನಾಗ ನಿಂತಾವ ನೋಡು. ಹೋದ ವರ್ಷ ಸೇರಿದ ಹುಡುಗರನ್ನ ಕ್ಯಾಂಟೀನಿನಾಗ ಮಾತಾಡ್ಸು,” ಎಂದೆ. ಈಗ ಕಲಬುರಗಿ, ಬೆಳಗಾವಿ ವಿಮಾನ ನಿಲ್ದಾಣಗಳಲ್ಲೂ ತರಬೇತಿ ಶಾಲೆಗಳಿವೆ. ಕಲಬುರಗಿ ನಿಲ್ದಾಣ ಶುರುವಾಗಿದ್ದೇ 2019ರ ನವೆಂಬರಿನಲ್ಲಿ. ನಮ್ಮ ಕಾಲಕ್ಕೆ ಹಾರಾಟ ಶಾಲೆ ಅಂದರೆ ಬೆಂಗಳೂರಿನ ಜಕ್ಕೂರು ಒಂದೇ ನೆನಪಿಗೆ ಬರುತ್ತಿತ್ತು.

ಇನ್ನೊಂದು ದಾರಿಯೂ ಇದೆ. ಮಣಿಕೊಂಡದಿಂದ ಉತ್ತರಕ್ಕೆ, ನಗರದ ಅಂಚಿನ ದುಂಡಿಗಲ್‌ನಲ್ಲಿ ವಾಯುಸೇನಾ ಅಕಾಡೆಮಿ. ಅಲ್ಲಿ ಶುಲ್ಕ ಕಟ್ಟುವುದಿಲ್ಲ, ತರಬೇತಿಯ ಕೊನೆಯ ವರ್ಷ ಅವರೇ ತಿಂಗಳಿಗೆ 56,100 ರೂಪಾಯಿ ಸ್ಟೈಪೆಂಡ್ ಕೊಡುತ್ತಾರೆ. ಪಿಯುಸಿ ಆದವನಿಗೆ ಎನ್‌ಡಿಎ, ಡಿಗ್ರಿ ಆದವನಿಗೆ ಆಫ್‌ಕ್ಯಾಟ್. ಬೆಲೆ ಹಣದಲ್ಲಲ್ಲ, ವರ್ಷಗಳಲ್ಲಿ: ಶಾರ್ಟ್ ಸರ್ವಿಸ್ ಪೈಲಟ್ ಆದರೂ ಹದಿನಾಲ್ಕು ವರ್ಷ ಸೇವೆ. ಆಯ್ಕೆಯೂ ಸುಲಭವಲ್ಲ. “ಕಾಕಾ, ಅದು ಬ್ಯಾರೆ ಜೀವನ,” ಅಂದ ಹುಡುಗ. ಅವನ ಮಾತೂ ನಿಜ. ಕೊಡಬೇಕಾದ್ದು ಅವನ ವರ್ಷಗಳು, ನನ್ನವಲ್ಲ.

ಅಣ್ಣನಿಗೆ ಹೇಳಿದ್ದು ಹೀಗೆ: ಸದ್ಯ ಒಂದು ಗುಂಟೆಯನ್ನೂ ಮಾರಬೇಡ. ಮೊದಲು ಕ್ಲಾಸ್ ಟು ಮೆಡಿಕಲ್, ಅದು ಪಾಸಾದರೆ ಕ್ಲಾಸ್ ಒನ್. ಕಣ್ಣೋ ಕಿವಿಯೋ ಕೈಕೊಡುವುದಿದ್ದರೆ ಕೆಲವು ಸಾವಿರದಲ್ಲೇ ಗೊತ್ತಾಗಲಿ. ಆಮೇಲೆ ಪತ್ರಿಕೆಗಳನ್ನು ಇಲ್ಲೇ ಕೂತು ಓದಿ ಬರೆಯಲಿ. ಓದಿಗೆ ವಿಮಾನ ಬೇಕಿಲ್ಲ. ಅಷ್ಟು ದಾಟಿದರೆ ಹಣದ ಮಾತು, ಅದೂ ಕಂತಿನಲ್ಲಿ, ಹಾರಿದ ಗಂಟೆಗೆ ತಕ್ಕಂತೆ. ಪೂರ್ತಿ ಮುಂಗಡ ಕಟ್ಟಿದರೆ ರಿಯಾಯಿತಿ ಎನ್ನುವ ಶಾಲೆಯಿದ್ದರೆ ಆ ಗೇಟಿನಿಂದಲೇ ತಿರುಗಿ ಬರಲಿ.

ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದ. “ಅಂದ್ರ ಎರಡು ಎಕರೆಗೆ ಆಗಂಗಿಲ್ಲ ಅನ್ನು,” ಎಂದ.

ಕ್ಲಾಸ್ ಟು ಮೆಡಿಕಲ್ ಮುಗಿದಿದೆ, ಹುಡುಗ ಫಿಟ್. ಹವಾಮಾನದ ಪುಸ್ತಕ ನನ್ನ ಊಟದ ಮೇಜಿನ ಮೇಲಿದೆ. ಈ ಸಲ ಕಾಲುವೆಗೆ ನೀರು ಯಾವಾಗ ಬಿಡುತ್ತಾರೆ ಅಂತ ಅಣ್ಣ ದಿನಾ ಫೋನ್ ಮಾಡಿ ಮಗನನ್ನೇ ಕೇಳುತ್ತಾನೆ, ಮೋಡದ ಪಾಠ ಓದಿದವನಿಗೆ ಗೊತ್ತಿರಬೇಕು ಅಂತ.