ಹೊಸ್ತಿಲಿಗಿಂತ ಎತ್ತರವಾದ ರಸ್ತೆ

ಬಳ್ಳಾರಿಯಲ್ಲಿ ಮನೆ ಕಟ್ಟುವವರಿಗೆ ಬಿಸಿಲಿನದೇ ಚಿಂತೆ, ಮಳೆಯ ನೆನಪು ಬರುವುದಿಲ್ಲ. ವರ್ಷದ ಬಹುಪಾಲು ಧೂಳು ಹಾರುವ ಊರಿನಲ್ಲಿ ಮನೆಗೆ ನೀರು ನುಗ್ಗುತ್ತದೆ ಎಂದರೆ ಹೊರಗಿನವರು ನಗುತ್ತಾರೆ. ಆದರೆ ಇಲ್ಲಿನ ಮಳೆಯ ಸ್ವಭಾವವೇ ಬೇರೆ. ತಿಂಗಳುಗಟ್ಟಲೆ ಮುಖ ತೋರಿಸದೆ, ಸೆಪ್ಟೆಂಬರ್ ಕೊನೆಗೋ ಅಕ್ಟೋಬರಿನಲ್ಲೋ ಒಂದು ರಾತ್ರಿ ಬಂದು ಎಲ್ಲ ಬಾಕಿ ತೀರಿಸಿ ಹೋಗುತ್ತದೆ.

ಕೌಲ್ ಬಜಾರಿನ ನಮ್ಮ ಮನೆಗೆ, ನಾನು ಹುಡುಗನಾಗಿದ್ದಾಗ, ಬೀದಿಯಿಂದ ಮೂರು ಮೆಟ್ಟಿಲು ಹತ್ತಬೇಕಿತ್ತು. ಈಗ ಒಂದು ಮೆಟ್ಟಿಲು ಇಳಿಯಬೇಕು. ಮನೆ ಕುಸಿದಿಲ್ಲ, ರಸ್ತೆ ಎದ್ದಿದೆ. ಹಳೆಯ ಡಾಂಬರನ್ನು ಕಿತ್ತು ತೆಗೆಯದೆ ಅದರ ಮೇಲೆ ಜಲ್ಲಿ, ಜಲ್ಲಿಯ ಮೇಲೆ ಮತ್ತೆ ಡಾಂಬರು, ಕೊನೆಗೆ ಕಾಂಕ್ರೀಟು. ಪ್ರತಿ ಸಲವೂ ನಾಲ್ಕೈದು ಇಂಚು. ಚರಂಡಿ ಮಾತ್ರ ಹಳೆಯ ಅಳತೆಯಲ್ಲೇ ಉಳಿಯಿತು.

ಇದಕ್ಕೆ ಓಣಿಯವರು ಕಂಡುಕೊಂಡ ಉಪಾಯ ಹೊಸ್ತಿಲ ಮುಂದೆ ಒಂದಡಿ ಎತ್ತರದ ಕಟ್ಟೆ. ಅನುಕೂಲವಿದ್ದವರು ಮೊದಲು ಕಟ್ಟಿಸಿದರು. ಅವರಲ್ಲಿಗೆ ಬರಬೇಕಿದ್ದ ನೀರು ಪಕ್ಕದ ಮನೆಗೆ ಹೋಯಿತು. ಪಕ್ಕದವರೂ ಕಟ್ಟಿಸಿದರು. ಹೀಗೆ ಸಾಗಿ ಸಾಗಿ ಓಣಿಯ ತಿರುವಿನಲ್ಲಿ ಬಟ್ಟೆ ಹೊಲಿದು ಬದುಕುವ ಖಾಲಾ ಮನೆಗೆ ಎಲ್ಲರ ಪಾಲಿನ ನೀರೂ ಸೇರಿತು. ಹಬ್ಬಕ್ಕೆಂದು ಗಿರಾಕಿಗಳು ಕೊಟ್ಟಿದ್ದ ಬಟ್ಟೆಗಳು ಚರಂಡಿ ನೀರಿನಲ್ಲಿ ನೆನೆದವು. "ಎಲ್ರೂ ಬಾಗ್ಲು ಭದ್ರ ಮಾಡ್ಕೊಂಡ್ರು ಬೇಟಾ, ನೀರಿಗೆ ನನ್ ಬಾಗ್ಲು ಒಂದೇ ಉಳೀತು" ಎಂದರು. ಆ ಬಟ್ಟೆಗಳ ದುಡ್ಡನ್ನು ಅವರು ಕಂತಿನಲ್ಲಿ ತೀರಿಸಿದ್ದು ನನಗೆ ಗೊತ್ತು.

ಕಟ್ಟೆಯಿಂದ ಕಟ್ಟಿಸಿದವರಿಗೂ ಪೂರ್ಣ ರಕ್ಷಣೆಯಿಲ್ಲ. ಚರಂಡಿ ತುಂಬಿದಾಗ ನೀರು ಬಚ್ಚಲ ತೂಬಿನಿಂದಲೇ ಒಳಗೆ ಉಕ್ಕುತ್ತದೆ. ಅದಕ್ಕೆ ಹೊರಹೋಗುವ ಪೈಪಿನಲ್ಲಿ ಒಮ್ಮುಖ ವಾಲ್ವ್ ಬೇಕು. ದೊಡ್ಡ ಖರ್ಚೇನೂ ಅಲ್ಲ. ಆದರೆ ಕಣ್ಣಿಗೆ ಕಾಣದ್ದಕ್ಕೆ ಯಾರೂ ದುಡ್ಡು ಹಾಕುವುದಿಲ್ಲ.

ನೆಲಮಾಳಿಗೆಗಳ ಕಥೆ ಇನ್ನೂ ಕಷ್ಟದ್ದು. ಜಾಗದ ಬೆಲೆ ಏರಿದಂತೆ ಅಂಗಡಿಯವರು ನೆಲದಡಿಗೆ ಇಳಿದು ಗೋದಾಮು ಮಾಡಿಕೊಂಡಿದ್ದಾರೆ. ನಮ್ಮದು ಎರೆಮಣ್ಣು. ಬೇಸಿಗೆಯಲ್ಲಿ ಕುಗ್ಗಿ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ. ಮೊದಲ ಮಳೆಯ ನೀರು ಆ ಸಂದಿಯಲ್ಲಿ ನೇರ ಬುನಾದಿಗೆ ಇಳಿಯುತ್ತದೆ. ಆಮೇಲೆ ಮಣ್ಣು ಹಿಗ್ಗಿ ಗೋಡೆಯನ್ನೇ ಒತ್ತುತ್ತದೆ. ಒಳಗಿನಿಂದ ಬಳಿದ ಬಣ್ಣ, ರಾಸಾಯನಿಕ ಎಲ್ಲ ಒಂದೆರಡು ಮಳೆಗಾಲಕ್ಕೆ ಹಪ್ಪಳದಂತೆ ಎದ್ದು ಬರುತ್ತವೆ, ಏಕೆಂದರೆ ನೀರು ಹಿಂದಿನಿಂದ ತಳ್ಳುತ್ತಿರುತ್ತದೆ. ತಡೆಯಬೇಕಾದದ್ದು ಗೋಡೆಯ ಹೊರಮೈಯಲ್ಲಿ. ಕಟ್ಟುವಾಗಲೇ ಹೊರಗೆ ಜಲ್ಲಿ ತುಂಬಿ, ನೀರು ಹರಿದುಹೋಗಲು ಪೈಪು ಹಾಕಿ.

ನೆಲದಡಿಯ ಕೋಣೆ ನಮಗೆ ಹೊಸದೇನಲ್ಲ. ಕುರುಗೋಡು ನನ್ನ ತಾಯಿಯ ತವರು. ಅಲ್ಲಿನ ಹಿರಿಯರು ಜೋಳ ತುಂಬಿಡುತ್ತಿದ್ದ ಹಗೇವಿನ ಮಾತನ್ನು ಈಗಲೂ ಆಡುತ್ತಾರೆ. ನೀರು ನಿಲ್ಲದ ಎತ್ತರದ ಜಾಗ ನೋಡಿ ಅಗೆದು, ಒಳಗೆಲ್ಲ ಹುಲ್ಲು ಹೊದಿಸಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಒಳಗಿನ ಕೆಟ್ಟ ಗಾಳಿ ಪ್ರಾಣ ತೆಗೆಯುತ್ತದೆಂದು ಬಲ್ಲವರು. ಒಂದು ಹಗೇವಿಗೆ ತೇವ ತಗುಲಿದರೆ ವರ್ಷದ ಅನ್ನ ಹೋಯಿತು. ಹೀಗಾಗಿ ಅವರಿಗೆ ಊರಿನ ಇಳಿಜಾರು ಅಂಗೈಯಷ್ಟು ಪರಿಚಿತ. ಇಂದು ನಿವೇಶನ ಕೊಳ್ಳುವ ನಾವು ವಾಸ್ತು ಕೇಳುತ್ತೇವೆ, ದರ ಕೇಳುತ್ತೇವೆ, ಮಳೆ ಬಂದಾಗ ಇಲ್ಲಿ ನೀರು ಯಾವ ಕಡೆಗೆ ಹೋಗುತ್ತದೆ ಎಂದು ಕೇಳುವುದಿಲ್ಲ.

ಸಿರುಗುಪ್ಪದವರಿಗೆ ಈ ಪ್ರಶ್ನೆ ನದಿಯ ರೂಪದಲ್ಲಿ ಬರುತ್ತದೆ. ಒಂದು ಕಡೆ ತುಂಗಭದ್ರೆ, ಇನ್ನೊಂದು ಕಡೆ ನಾವು ಹಗರಿ ಎನ್ನುವ ವೇದಾವತಿ. 2009ರ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ದಿನಗಳವರೆಗೆ ಬಿಡದೆ ಸುರಿದ ಮಳೆಗೆ ಆ ತಾಲ್ಲೂಕು ತತ್ತರಿಸಿತು. ಹೊಳೆ ಮುಟ್ಟದ ಮನೆಗಳೂ ಬಿದ್ದವು. ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ. ಮೇಲಿನಿಂದ ನೆನೆದ ಮಾಳಿಗೆಯ ಭಾರವನ್ನು ಕೆಳಗಿನಿಂದ ನೆನೆದ ಗೋಡೆ ಹೊರಲಾರದೆ ಕೂತುಬಿಟ್ಟಿತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ನದಿಯಂಚಿನ ಜನಕ್ಕೆ ಆ ದಿನಗಳೇ ನೆನಪಾದವು. ನಗರದ ನಮ್ಮ ಓಣಿಗೆ ಅಂಥ ಎಚ್ಚರಿಕೆ ಕೊಡುವವರು ಯಾರೂ ಇಲ್ಲ. ಇಲ್ಲಿ ಬರುವುದು ಹೊಳೆಯಲ್ಲ, ಪಕ್ಕದ ಮನೆಯ ನೀರು.

ಕಳೆದ ಬೇಸಿಗೆಯಲ್ಲಿ ಆರೇಳು ಮನೆಯವರು ಸೇರಿ ಒಬ್ಬ ಗೌಂಡಿಯನ್ನು ಕರೆಸಿದೆವು. ಆತ ನೀರು ತುಂಬಿದ ಪಾರದರ್ಶಕ ಪೈಪು ಹಿಡಿದು ಓಣಿಯ ಮಟ್ಟವನ್ನು ತುದಿಯಿಂದ ತುದಿಗೆ ಅಳೆದ. "ಕಟ್ಟಿ ಏರ್ಸಿದ್ರೆ ಏನೂ ಆಗಂಗಿಲ್ರಿ, ಚರಂಡಿ ಇಳಿಸ್ಬೇಕು" ಎಂದ. ಹೂಳು ತೆಗೆಸಿದೆವು, ಖಾಲಾ ಬಚ್ಚಲಿಗೆ ವಾಲ್ವ್ ಹಾಕಿಸಿದೆವು, ಕರೆಂಟಿನ ಬೋರ್ಡನ್ನು ಎದೆಮಟ್ಟಕ್ಕೆ ಏರಿಸಿದೆವು. ಉಳಿದದ್ದು ತಿರುವಿನಲ್ಲಿ ಮೋಟಾರ್ ಸೈಕಲ್ ನಿಲ್ಲಿಸಲು ಒಬ್ಬರು ಚರಂಡಿಯ ಮೇಲೆ ಹಾಕಿರುವ ಚಪ್ಪಡಿ. ಕಸವೆಲ್ಲ ಅದರಡಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಅವರು ಒಳ್ಳೆಯವರೇ, ಸಲಾಮಿಗೆ ಸಲಾಮು ಹೇಳುತ್ತಾರೆ. ಚಪ್ಪಡಿಯ ಮಾತು ತೆಗೆದರೆ ಮಾತ್ರ ಗಾಡಿ ಚಾಲೂ ಮಾಡುತ್ತಾರೆ. ಮಳೆಗಾಲಕ್ಕೆ ಮುಂಚೆ ಇನ್ನೊಮ್ಮೆ ಕೇಳಬೇಕು, ಈ ಸಲ ಖಾಲಾರನ್ನೂ ಜೊತೆಗೆ ಕರೆದುಕೊಂಡು.