ಹಂಪೆಯ ದಾರಿಯಲ್ಲಿ ಬಿಸಿಗಾಳಿ

ಒಮ್ಮೆಯಾದರೂ ವಿರೂಪಾಕ್ಷನ ದರ್ಶನ ಮಾಡಬೇಕೆಂಬುದು ನಮ್ಮ ಅತ್ತೆಯವರ ಬಹುದಿನಗಳ ಆಸೆ. ಮಕ್ಕಳ ಪರೀಕ್ಷೆ ಮುಗಿಯಲಿ, ಇವರಿಗೆ ರಜ ಸಿಗಲಿ ಎಂದು ಮುಂದೂಡುತ್ತಾ, ಕೊನೆಗೂ ನಾವು ಹೊರಟದ್ದು ಏಪ್ರಿಲ್ ತಿಂಗಳಲ್ಲಿ. ಆ ಸೀಮೆಯ ಬೇಸಿಗೆ ಹೇಗಿರುತ್ತದೆಂದು ಬೇರೆ ಹೇಳಬೇಕೆ? "ಕಾರಿನಲ್ಲಿ ಎ.ಸಿ. ಇದೆಯಲ್ಲ, ಅಮ್ಮನಿಗೆ ಏನೂ ಆಗಲ್ಲ" ಎಂದು ನಮ್ಮವರು ಧೈರ್ಯ ಹೇಳಿದರು.

ಬೆಂಗಳೂರು ಬಿಟ್ಟಾಗ ಬೆಳಗಿನ ಐದೂವರೆ. ತುಮಕೂರು, ಶಿರಾ, ಹಿರಿಯೂರು ದಾಟಿ ಚಿತ್ರದುರ್ಗ ಹತ್ತಿರವಾಗುತ್ತಲೇ ಗುಡ್ಡದ ಮೇಲೆ ಸಾಲಾಗಿ ತಿರುಗುವ ಗಾಳಿಯಂತ್ರಗಳು ಕಂಡವು. ಅತ್ತೆ ಮಗುವಿನಂತೆ ಕಿಟಕಿಗೆ ಮುಖ ಒತ್ತಿ ನೋಡಿದರು. ಅಲ್ಲೇ ಒಂದು ಟೋಲ್ ಗೇಟಿನ ಸಾಲಿನಲ್ಲಿ ನಿಂತಾಗ ನನಗೆ ಮೊದಲ ಅನುಮಾನ ಬಂತು. ತಣ್ಣಗೆ ಬರುತ್ತಿದ್ದ ಗಾಳಿ ಬೆಚ್ಚಗಾಯಿತು. ಕಾರು ಹೊರಟ ಸ್ವಲ್ಪ ಹೊತ್ತಿಗೆ ಮತ್ತೆ ತಣ್ಣಗಾಯಿತು. ಇವರಿಗೆ ಹೇಳಿದರೆ, "ನಿನಗೆಲ್ಲಾ ಭ್ರಮೆ" ಎಂದರು.

ತಿಂಡಿ ಮುಗಿಸಿ ಊರೊಳಗಿನ ವಾಹನಗಳ ಗದ್ದಲದಲ್ಲಿ ಸಿಕ್ಕಿಕೊಂಡಾಗ ಮಾತ್ರ ಬಿಸಿಗಾಳಿ ಮುಖಕ್ಕೇ ರಾಚಿತು. ಹಿಂದಿನಿಂದ ಅತ್ತೆಯ ದನಿ ಸಣ್ಣಗೆ ಕೇಳಿಸಿತು: "ಯಾಕೋ ತಲೆ ಸುತ್ತುತ್ತೆ ಕಣೇ." ಎಪ್ಪತ್ತಾರು ವರ್ಷದ ಜೀವ, ದಿನಾ ಬಿ.ಪಿ. ಮಾತ್ರೆ ನುಂಗುವವರು. ನನ್ನ ಎದೆ ಝಲ್ಲೆಂದಿತು. ಬೇವಿನ ಮರದ ನೆರಳಲ್ಲಿ ಕಾರು ನಿಲ್ಲಿಸಿ, ಒದ್ದೆ ಟವೆಲ್ಲನ್ನು ಅವರ ಕತ್ತಿಗೆ ಸುತ್ತಿ, ಉಪ್ಪು ಹಾಕಿದ ಮಜ್ಜಿಗೆಯನ್ನು ಗುಟುಕು ಗುಟುಕಾಗಿ ಕುಡಿಸಿದೆ. ಅರ್ಧ ಗಂಟೆಯಲ್ಲಿ ಅವರು ಚೇತರಿಸಿಕೊಂಡರು.

ರಸ್ತೆ ಬದಿಯ ಒಂದು ಅಂಗಡಿಯ ಹುಡುಗ ಬಾನೆಟ್ಟನ್ನು ಸರಿಯಾಗಿ ತೆರೆದೂ ನೋಡದೆ, "ಗ್ಯಾಸ್ ಖಾಲಿ ಸಾರ್, ಎರಡೂವರೆ ಸಾವಿರ" ಎಂದ. ಇವರ ಕೈ ಪರ್ಸಿಗೆ ಹೋಯಿತು. ನನಗೇಕೋ ಒಪ್ಪಿಗೆಯಾಗಲಿಲ್ಲ. ಅಡುಗೆ ಗ್ಯಾಸು ಉರಿದು ಮುಗಿಯುತ್ತದೆ, ಸರಿ. ಆದರೆ ನಮ್ಮ ಮನೆಯ ಫ್ರಿಜ್ಜಿಗೆ ಹದಿನಾಲ್ಕು ವರ್ಷದಿಂದ ಒಮ್ಮೆಯೂ ಗ್ಯಾಸ್ ತುಂಬಿಸಿಲ್ಲವಲ್ಲ! "ಗ್ಯಾಸ್ ಖಾಲಿಯಾಗಿದ್ದರೆ ಓಡುವಾಗ ಹೇಗಪ್ಪಾ ತಣ್ಣಗಾಗುತ್ತೆ?" ಎಂದು ಕೇಳಿದೆ. ಅವನಲ್ಲಿ ಉತ್ತರವಿರಲಿಲ್ಲ. ಓಡುತ್ತಿದ್ದರೆ ತಂಪಿರುತ್ತದೆಂದು, ಕೂಡ್ಲಿಗಿಯಲ್ಲೂ ನಿಲ್ಲಿಸದೆ ಹೊಸಪೇಟೆಗೆ ಬಂದೆವು.

ಹೊಸಪೇಟೆಯಲ್ಲಿ ಹೋಟೆಲಿನವರು ತೋರಿಸಿದ್ದು ವಯಸ್ಸಾದ ಮೆಕ್ಯಾನಿಕ್ ಒಬ್ಬರನ್ನು. ಅವರು ಮೊದಲು ಅತ್ತೆಗೆ ಫ್ಯಾನಿನ ಕೆಳಗೆ ಕುರ್ಚಿ ಹಾಕಿಸಿದರು. ಆಮೇಲೆ ನನ್ನ ಮಾತನ್ನೆಲ್ಲಾ ಕೇಳಿ, "ಓಡುವಾಗ ತಂಪು, ನಿಂತಾಗ ಬಿಸಿ, ಹೌದಲ್ರೀ ಅಕ್ಕಾರ? ಹಂಗಾದ್ರ ಗ್ಯಾಸಿಗೆ ಕೈ ಹಾಕೋದು ಬ್ಯಾಡ್ರಿ. ಮೊದ್ಲ ಗಾಳಿ ನೋಡೋಣು" ಎಂದರು.

ಎಂಜಿನ್ ಚಾಲೂ ಮಾಡಿ ಎ.ಸಿ. ಗುಂಡಿ ಒತ್ತಿಸಿದರು. 'ಟಕ್' ಎಂದಿತು. ಕಂಪ್ರೆಸರ್ ಕೆಲಸಕ್ಕೆ ಇಳಿದ ಸದ್ದಂತೆ ಅದು. ಆದರೆ ಮುಂದಿದ್ದ ಫ್ಯಾನು ಅಲುಗಲಿಲ್ಲ. ರೇಡಿಯೇಟರಿನ ಮುಂದೆ ಜಾಲರಿಯಂಥ ಕಂಡೆನ್ಸರ್ ಇರುತ್ತದೆ. ಒಳಗಿನ ಸೆಕೆಯನ್ನು ಗ್ಯಾಸು ಹೊತ್ತು ತಂದು ಹೊರಹಾಕುವುದು ಅಲ್ಲೇ. ಕಾರು ಓಡುವಾಗ ಎದುರುಗಾಳಿ ಆ ಬಿಸಿಯನ್ನು ಒಯ್ಯುತ್ತದೆ, ನಿಂತಾಗ ಫ್ಯಾನೇ ಒಯ್ಯಬೇಕು. ಅವರು ಎರಡು ಚೊಂಬು ನೀರನ್ನು ಜಾಲರಿಯ ಮೇಲೆ ಸುರಿದರು. ನಿಂತ ಕಾರಿನಲ್ಲೇ ತಣ್ಣನೆ ಗಾಳಿ ಬಂತು! ನನ್ನ ಕೈಯಿಟ್ಟೇ ನೋಡಿದೆ.

ಮತ್ತೆ ಬಿಸಿಯಾದ ಮೇಲೆ ಮೀಟರ್ ಹಚ್ಚಿದರು. ಎರಡು ಮುಳ್ಳುಗಳೂ ಮೇಲೇರಿದ್ದವು. "ಗ್ಯಾಸ್ ಕಮ್ಮಿ ಇದ್ರ ಎರಡೂ ಕೆಳಗ ಇರ್ತಾವ್ರಿ. ಇದರ ಮ್ಯಾಲೆ ಇನ್ನಷ್ಟು ತುಂಬಿದ್ರ ಕಂಪ್ರೆಸರಿಗೇ ಕುತ್ತು." ಫ್ಯಾನಿನ ತಂತಿಯನ್ನು ನೇರ ಬ್ಯಾಟರಿಗೆ ಕೊಟ್ಟಾಗ ಅದು ಗಿರ್ರನೆ ತಿರುಗಿತು. ಮೋಟಾರು ಸರಿಯಿದೆಯೆಂದಾಯಿತು. ಫ್ಯೂಸೂ ಸುಟ್ಟಿರಲಿಲ್ಲ. ನಮ್ಮ ಕಾರಿನಲ್ಲಿ ಹಾರ್ನಿನ ರಿಲೇಯೂ ಫ್ಯಾನಿನದೂ ಒಂದೇ ಬಗೆಯವು. ಅದನ್ನು ಕಿತ್ತು ಇಲ್ಲಿಗೆ ಹಾಕಿದರು, ಫ್ಯಾನು ಓಡಿತು. ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಆ ರಿಲೇ ನಮ್ಮನ್ನು ಇಷ್ಟು ಗೋಳಾಡಿಸಿತ್ತು! ಹೊಸ ರಿಲೇ ಹಾಕಿ, ಜಾಲರಿಗೆ ಅಂಟಿದ್ದ ಧೂಳು, ಹುಳುಗಳನ್ನು ಮೆಲ್ಲಗೆ ನೀರು ಬಿಟ್ಟು ತೊಳೆದು, ಎಲ್ಲಾ ಸೇರಿ ಆರುನೂರೈವತ್ತು ರೂಪಾಯಿ ತೆಗೆದುಕೊಂಡರು. ಅಷ್ಟರಲ್ಲಿ ನಾವು ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದು ಮುಗಿಸಿದ್ದೆವು.

ಇಳಿಹೊತ್ತಿಗೆ ಅತ್ತೆಗೆ ವಿರೂಪಾಕ್ಷನ ದರ್ಶನವಾಯಿತು. ಗರ್ಭಗುಡಿಯ ಮುಂದೆ ಅವರು ಕಣ್ಣೀರು ಹಾಕಿದಾಗ ನನ್ನ ಕಣ್ಣೂ ತುಂಬಿತು. ಮರುದಿನ ಬಿಸಿಲೇರುವ ಮೊದಲೇ ಕಮಲ ಮಹಲಿಗೆ ಹೋದೆವು. ಸುತ್ತಲೂ ತೆರೆದ ಕಮಾನುಗಳು, ಗಾಳಿ ಈ ಕಡೆಯಿಂದ ಆ ಕಡೆಗೆ ಹಾಯಾಗಿ ಹಾಯುತ್ತದೆ. "ಇದಕ್ಕೆ ರಿಲೇ ಬೇಡ ಕಣೇ" ಎಂದು ಅತ್ತೆ ನಕ್ಕರು.

ಸೋದರಿಯರೇ, ಬೇಸಿಗೆ ಪ್ರವಾಸಕ್ಕೆ ಹೊರಡುವ ಮುನ್ನ ಮನೆಯ ಮುಂದೆ, ಬಯಲಿನಲ್ಲಿ, ಹತ್ತು ನಿಮಿಷ ಕಾರು ನಿಲ್ಲಿಸಿಕೊಂಡೇ ಎ.ಸಿ. ಹಾಕಿ ನೋಡಿ. ಗಾಳಿಯೇ ಕಡಿಮೆ ಬಂದರೆ ಒಳಗಿನ ಫಿಲ್ಟರ್ ಕಟ್ಟಿರಬಹುದು. ಅನೇಕ ಕಾರುಗಳಲ್ಲಿ ಅದು ಎಡಗಡೆಯ ಡ್ರಾಯರಿನ ಹಿಂದಿರುತ್ತದೆ. ಗಾಳಿ ಜೋರಾಗಿದ್ದೂ ನಿಂತಾಗ ಮಾತ್ರ ಬಿಸಿಯಾದರೆ ಫ್ಯಾನು, ಜಾಲರಿ ನೋಡಿಸಿ. ಓಡುವಾಗಲೂ ತಣ್ಣಗಾಗದಿದ್ದರೆ ಗ್ಯಾಸ್ ಸೋರಿರಬಹುದು. ಆಗಲೂ ಸುಮ್ಮನೆ ತುಂಬಿಸಬೇಡಿ. ಸೋರಿಕೆ ಹುಡುಕಿ ಮುಚ್ಚಿಸಿ, ಒಳಗಿನ ಗಾಳಿ, ತೇವ ತೆಗೆಸಿ, ಆಮೇಲೆ ತೂಕದ ಪ್ರಕಾರ ಹಾಕಿಸಿ. ಕೊಳವೆಗಳನ್ನು ಮಾತ್ರ ನೀವೇ ಬಿಚ್ಚಬೇಡಿ, ಹಾರುವ ಗ್ಯಾಸು ಚರ್ಮವನ್ನು ಸುಡುತ್ತದೆ.

ಮತ್ತೆ, ಹಿಂದಿನ ಸೀಟಿನಲ್ಲಿ ಹಿರಿಯರಿದ್ದರೆ ಒಂದು ಚೊಂಬು ಮಜ್ಜಿಗೆ ಮರೆಯಬೇಡಿ.