ಕೈಯ ಜಡ್ಡು

ಹೊಸ ರವಿಕೆಯ ತೋಳು ಮೊಣಕೈಯಿಂದ ನಾಲ್ಕು ಬೆರಳು ಮೇಲೆ ಹೋಗಿ ಅಲ್ಲೇ ಸಿಕ್ಕಿಕೊಂಡಿತು. ಹಳೇ ಅಳತೆಗೆ ಹೊಲಿದದ್ದು. ಬಿಚ್ಚಿಸೋಣವೆಂದು ಒಯ್ದರೆ ಟೈಲರಮ್ಮ ನನ್ನ ತೋಳಿಗೆ ಟೇಪು ಸುತ್ತಿ, ಒಮ್ಮೆ ಟೇಪನ್ನೂ ಒಮ್ಮೆ ನನ್ನ ಮುಖವನ್ನೂ ನೋಡಿ, "ಸೊಂಟ ಹೋದ್ಸಲದಷ್ಟೇ ಇದೆ ಮೇಡಂ, ತೋಳು ಮಾತ್ರ ಒಂದಿಂಚು ಜಾಸ್ತಿ ಆಗಿದೆ. ಥೈರಾಯ್ಡ್ ಏನಾದ್ರೂ ಇದ್ಯಾ? ಒಂದ್ಸಲ ಚೆಕ್ ಮಾಡಿಸ್ಬಿಡಿ" ಎಂದರು. ನನಗೋ ಒಳಗೊಳಗೇ ಹಬ್ಬ. ಮೊಟ್ಟೆ, ಹುರುಳಿಸಾರು, ಡೆಡ್‌ಲಿಫ್ಟ್, ಪುಲ್-ಅಪ್ ಬಾರಿಗೆ ಜೋತುಬಿದ್ದ ಬೆಳಗುಗಳು, ಎಲ್ಲ ಸೇರಿ ಕೊಟ್ಟ ಒಂದಿಂಚು ಅದು. ಟೈಲರಮ್ಮನಿಗೆ ಮಾತ್ರ ನನ್ನ ಮೇಲೆ ಕನಿಕರ. "ಒಳಗೆ ಬಟ್ಟೆ ಬಿಟ್ಟಿದ್ದೀನಿ, ಬಿಚ್ಚಿ ಕೊಡ್ತೀನಿ. ಮುಂದಿನ ಸಲ ಉದ್ದ ತೋಳು ಇಡಿಸಿ, ಕಾಣಿಸಲ್ಲ" ಎಂದು ಸಮಾಧಾನವನ್ನೂ ಹೇಳಿದರು.

ನಮ್ಮ ಕಡೆ ಹೆಂಗಸಿನ ಮೈಗೆ ಇರುವುದು ಎರಡೇ ಖಾತೆ: ಸಣ್ಣಗಾಗಿದ್ದೀಯ, ದಪ್ಪಗಾಗಿದ್ದೀಯ. ಮದುವೆಮನೆ ಬಾಗಿಲಲ್ಲಿ ಪನ್ನೀರು ಚಿಮುಕಿಸುವಷ್ಟರಲ್ಲಿ ನಮ್ಮನ್ನು ಎರಡರಲ್ಲೊಂದಕ್ಕೆ ಜಮಾ ಮಾಡಿ ಆಗಿರುತ್ತದೆ. ಸಣ್ಣಗಾದರೆ "ಅತ್ತೆ ಮನೇಲಿ ಊಟ ಹಾಕಲ್ವೇನೇ", ದಪ್ಪಗಾದರೆ "ಏನಾದ್ರೂ ವಿಶೇಷನಾ". ನನ್ನ ತೋಳು ಎರಡಕ್ಕೂ ಸಲ್ಲದೆ ಈಚೆಗೆ ಎಲ್ಲರನ್ನೂ ತಬ್ಬಿಬ್ಬು ಮಾಡುತ್ತಿದೆ. ಮೊನ್ನೆ ಒಂದು ನಾಮಕರಣದಲ್ಲಿ ಅರಿಸಿನ ಕುಂಕುಮ ಕೊಡುವಾಗ ಸೋದರತ್ತೆ ನನ್ನ ಅಂಗೈ ಮುಟ್ಟಿ ಬೆಚ್ಚಿಬಿದ್ದರು. ಬೆರಳುಗಳ ಬುಡದಲ್ಲಿ ಸಾಲಾಗಿ ನಾಲ್ಕು ಜಡ್ಡು, ಹಳದಿಗೆ ತಿರುಗಿ ಗಟ್ಟಿಯಾಗಿ ಕೂತಿವೆ. "ಇದೇನೇ ಇದು, ಗಾರೆ ಕೆಲ್ಸಕ್ಕೆ ಹೋಗ್ತಿದ್ದೀಯಾ?"

ಗಾರೆ ಕೆಲಸ ಎಂದಿದ್ದು ಒಳ್ಳೆಯದೇ ಆಯಿತು. ನಮ್ಮ ಬೀದಿಯ ತುದಿಯಲ್ಲಿ ಏಳುತ್ತಿರುವ ಕಟ್ಟಡದಲ್ಲಿ ಹೆಂಗಸರು ಬಾಂಡ್ಲಿ ತುಂಬ ಕಾಂಕ್ರೀಟು ಹೊತ್ತು ಮೆಟ್ಟಿಲು ಹತ್ತುತ್ತಾರೆ. "ಭಾರ ಎತ್ಬೇಡಮ್ಮ, ಗಂಡಸಿನ ಥರ ಆಗ್ಬಿಡ್ತೀಯ" ಎಂದು ಯಾವ ಮೇಸ್ತ್ರಿಯೂ ಅವರನ್ನು ತಡೆದದ್ದು ಕಾಣೆ. ಅಡುಗೆಯ ಸಿಲಿಂಡರಿನಲ್ಲಿ ಅನಿಲದ ತೂಕವೇ 14.2 ಕೆ.ಜಿ.; ಉಕ್ಕಿನ ತೂಕ ಸೇರಿದರೆ ಮೂವತ್ತರ ಹತ್ತಿರ. ಅದನ್ನು ಹೊಸ್ತಿಲು ದಾಟಿಸಿ ಒಲೆಯ ಕೆಳಗೆ ನೂಕುವವಳು ಯಾರು? ಆಗೆಲ್ಲ ಯಾರ ಹೆಣ್ಣುತನಕ್ಕೂ ಕುತ್ತು ಬರುವುದಿಲ್ಲ. ದುಡ್ಡು ಕೊಟ್ಟು, ಬೆನ್ನು ನೆಟ್ಟಗಿಟ್ಟು, ಇಷ್ಟಪಟ್ಟು ಎತ್ತಿದಾಗ ಮಾತ್ರ ಬರುತ್ತದೆ.

ಇರಲಿ, ಜಡ್ಡಿನ ವಿಷಯಕ್ಕೆ ಬರೋಣ, ಏಕೆಂದರೆ ನನ್ನ ನಿಜವಾದ ಜಗಳ ಇರುವುದು ಸೋದರತ್ತೆಯ ಜೊತೆಗಲ್ಲ, ಗ್ಲೌಸಿನವರ ಜೊತೆಗೆ. ಹೆಂಗಸು ಜಿಮ್ಮಿಗೆ ಸೇರಿದ ದಿನವೇ ರಿಸೆಪ್ಷನ್ನಿನಲ್ಲಿ ಅವಳ ಕೈಗೆ ಬರುವುದು ರಸೀದಿ, ನೀರಿನ ಬಾಟ್ಲಿ, ಗುಲಾಬಿ ಬಣ್ಣದ ಗ್ಲೌಸು. "ಕೈ ಒರಟಾಗಲ್ಲ ಮೇಡಂ." ಈ ಮಾತಿನಲ್ಲಿರುವ ಕಾಳಜಿ ಕೈಯ ಮೇಲಿನದು, ಎತ್ತುವುದರ ಮೇಲಿನದಲ್ಲ. ಲೆಕ್ಕ ನೋಡಿ. ಸ್ಪರ್ಧೆಗಳಲ್ಲಿ ಗಂಡಸರ ಬಾರ್ 20 ಕೆ.ಜಿ., ದಪ್ಪ 28 ಮಿಲಿಮೀಟರ್. ಹೆಂಗಸರದ್ದು 15 ಕೆ.ಜಿ., ದಪ್ಪ 25 ಮಿಲಿಮೀಟರ್. ಆ ಮೂರು ಮಿಲಿಮೀಟರ್ ಯಾರೋ ಔದಾರ್ಯಕ್ಕೆ ಕೊಟ್ಟ ರಿಯಾಯಿತಿಯಲ್ಲ. ಚಿಕ್ಕ ಕೈಯ ಬೆರಳು ಬಾರನ್ನು ಪೂರ್ತಿ ಸುತ್ತಿ ಹೆಬ್ಬೆರಳನ್ನು ಮುಟ್ಟಬೇಕಾದರೆ ಅಷ್ಟು ಬೇಕು. ನಮ್ಮೂರ ಜಿಮ್ಮುಗಳಲ್ಲಿ ಸಾಮಾನ್ಯವಾಗಿ ಇರುವುದೋ ಗಂಡಸರ ಬಾರ್ ಒಂದೇ. ಅದರ ಮೇಲೆ ಮೆತ್ತನೆ ಗ್ಲೌಸು ಹಾಕಿ ಹಿಡಿದರೆ ಬಾರ್ ಇನ್ನಷ್ಟು ದಪ್ಪವಾಯಿತು, ಬೆರಳು ಇನ್ನಷ್ಟು ಗಿಡ್ಡವಾಯಿತು. ಬೆನ್ನು, ತೊಡೆಗಳಿಗೆ ಇನ್ನೂ ಎತ್ತುವ ತ್ರಾಣವಿರುವಾಗಲೇ ಬಾರ್ ಬೆರಳಿಂದ ಜಾರುತ್ತದೆ. ಆಗ ಟ್ರೈನರ್ ಬಂದು, "ಸಾಕು ಮೇಡಂ, ಲೇಡೀಸ್‌ಗೆ ಇಷ್ಟೇ ಆಗೋದು" ಎಂದು ಪ್ಲೇಟು ಕಳಚುತ್ತಾನೆ.

ಬಾರಿನ ಮೈಮೇಲೆ ಚೌಕುಳಿಯಾಗಿ ಗೀರುಗಳನ್ನು ಕೊರೆದಿರುವುದೇ ಚರ್ಮ ಕಚ್ಚಿಕೊಳ್ಳಲಿ ಎಂದು. ಅದರ ಮೇಲೆ ರೆಕ್ಸಿನ್ ಹೊದಿಸಿದರೆ ಗೀರು ಯಾರಿಗೆ? ನನ್ನ ಕೇಳಿದರೆ ಬೇಕಾದದ್ದು ಎರಡೇ. ಒಂದು, ಚಾಕ್, ಅದೂ ಚಪಾತಿಗೆ ಒಣಹಿಟ್ಟು ಸವರಿದಷ್ಟೇ ತೆಳ್ಳಗೆ. ಕೆಲವರು ಮುಖಕ್ಕೆ ಪೌಡರು ಮೆತ್ತಿದ ಹಾಗೆ ಮೆತ್ತಿ ಚಪ್ಪಾಳೆ ತಟ್ಟಿ ಮೋಡ ಎಬ್ಬಿಸುತ್ತಾರೆ. ಅದು ಹಿಡಿತಕ್ಕಲ್ಲ, ವಿಡಿಯೊಗೆ. ಇನ್ನೊಂದು, ಹುಕ್ ಗ್ರಿಪ್. ಹೆಬ್ಬೆರಳನ್ನು ಮೊದಲು ಬಾರಿಗೆ ಸುತ್ತಿ, ಅದರ ಮೇಲೆ ತೋರುಬೆರಳು, ನಡುಬೆರಳುಗಳನ್ನು ಬಿಗಿಯಾಗಿ ಹೇರಬೇಕು. ಬಾರ್ ಉರುಳಿ ಬೆರಳ ತುದಿಗೆ ಬರಲು ನೋಡುತ್ತದೆ, ನಡುವೆ ಹೆಬ್ಬೆರಳು ಬೆಣೆಯಾಗಿ ನಿಂತು ಬಿಡುವುದಿಲ್ಲ. ಮೊದಮೊದಲು ಹೆಬ್ಬೆರಳಲ್ಲಿ ಪ್ರಾಣ ಹೋದಷ್ಟು ನೋವು, ಸುಳ್ಳು ಹೇಳುವುದಿಲ್ಲ. ಟೇಪು ಸುತ್ತಿಕೊಳ್ಳಿ, ಹಲ್ಲು ಕಚ್ಚಿಕೊಳ್ಳಿ. ಕೆಲವು ವಾರ ಕಳೆದರೆ ಬೆರಳು ಮರಗಟ್ಟಿದಂತಾಗಿ ಸುಮ್ಮನಾಗುತ್ತದೆ. ಆಮೇಲೆ ಭಾರ ಹೆಚ್ಚಿದಷ್ಟೂ ಬೀಗ ಇನ್ನೂ ಗಟ್ಟಿಯಾಗುತ್ತ ಹೋಗುವ ಸುಖ ಇದೆಯಲ್ಲ, ಅದನ್ನು ಗ್ಲೌಸಿನವರು ಈ ಜನ್ಮದಲ್ಲಿ ಕಾಣರು.

"ಒಂದು ಅಂಗೈ ಮುಂದೆ, ಒಂದು ಅಂಗೈ ಹಿಂದೆ ಮಾಡಿ ಹಿಡಿದರೆ ಆಯ್ತಲ್ಲ, ಹೆಬ್ಬೆರಳಿಗೆ ಯಾಕೆ ಹಿಂಸೆ" ಎನ್ನುವ ಪಂಗಡವೊಂದಿದೆ. ಆಗಬಹುದು. ಆದರೆ ಮುಂದಕ್ಕೆ ತಿರುಗಿದ ತೋಳಿನ ಸ್ನಾಯುರಜ್ಜು ಹರಿದುಕೊಂಡವರು ಆ ಪಂಗಡದಲ್ಲೇ ಹೆಚ್ಚು. ಇನ್ನು ಮಣಿಕಟ್ಟಿಗೆ ಪಟ್ಟಿ ಕಟ್ಟಿ ಬಾರಿಗೆ ಸುತ್ತಿಕೊಳ್ಳುವ ಸ್ಟ್ರ್ಯಾಪಿನವರು. ಮೊದಲ ಸೆಟ್ಟಿಗೇ, ಬರೀ ಬಾರಿಗೇ ಸ್ಟ್ರ್ಯಾಪು! ಎತ್ತುವುದು ಬೆನ್ನು, ಹಿಡಿಯುವುದು ಅಂಗಡಿಯ ಪಟ್ಟಿ. ಕೈ ಬರೀ ನೆಂಟರ ಹಾಗೆ ಬಂದು ಕೂತಿರುತ್ತದೆ. ಜಡ್ಡು ಬೇಡವೆನ್ನುವವರಿಗೆ ಇನ್ನೊಂದು ಮಾತು: ಜಡ್ಡು ಹರಿಯುವುದು ಬಾರನ್ನು ಅಂಗೈ ನಡುವೆ ಹಿಡಿದು ಚರ್ಮವನ್ನು ಮಡಿಕೆ ಮಾಡಿಕೊಳ್ಳುವವರಿಗೆ. ಬೆರಳು ಶುರುವಾಗುವಲ್ಲಿ ಹಿಡಿಯಿರಿ. ಸ್ನಾನವಾದ ಮೇಲೆ ಹಿಮ್ಮಡಿ ಉಜ್ಜುವ ಕಲ್ಲಿನಲ್ಲಿ ಮೆತ್ತಗಾದ ಜಡ್ಡನ್ನು ಸಮಮಾಡಿ, ಬುಡಸಹಿತ ಕೀಳಬೇಡಿ. ಇಷ್ಟೇ ಆರೈಕೆ.

ಗ್ಲೌಸಿನ ಅಕ್ಕತಂಗಿಯರೇ ಒಂದು ಕೆ.ಜಿ.ಯ ಗುಲಾಬಿ ಡಂಬೆಲ್ಲುಗಳು. "ಹೆವಿ ಬೇಡ ಮೇಡಂ, ಲೈಟ್ ವೇಟಲ್ಲಿ ಐವತ್ತು ಸಲ ಮಾಡಿ, ತೋಳು ಟೋನ್ ಆಗುತ್ತೆ." ಒಂದು ಲೀಟರ್ ಹಾಲಿನ ಪ್ಯಾಕೆಟ್ಟನ್ನು ಐವತ್ತು ಸಲ ಎತ್ತಿ ಯಾರ ತೋಳು ಏನಾಗಿದೆ? ಭಾರ ಎತ್ತಿದರೆ ರಾತ್ರೋರಾತ್ರಿ ಪೈಲ್ವಾನರಾಗಿಬಿಡುತ್ತೇವೆಂಬ ಭಯ ಈ ಮಾತಿನ ಬೆನ್ನಿಗಿದೆ. ಗಂಡಸರಲ್ಲಿ ಸ್ನಾಯು ಉಬ್ಬಿಸುವ ಟೆಸ್ಟೊಸ್ಟಿರೋನ್ ನಮ್ಮಲ್ಲಿ ಅದರ ಹತ್ತರಲ್ಲೊಂದು ಭಾಗವೂ ಇರುವುದಿಲ್ಲ. ಅಷ್ಟೆಲ್ಲ ಇಟ್ಟುಕೊಂಡು ದಿನಾ ಬೆವರು ಸುರಿಸುವ ಹುಡುಗರೇ "ಬೈಸೆಪ್ಸ್ ಬರ್ತಿಲ್ಲ ಸಾರ್" ಎಂದು ಅಲವತ್ತುಕೊಳ್ಳುತ್ತಿರುವಾಗ ನಮಗೆ ಅಕಸ್ಮಾತ್ತಾಗಿ ಬಂದುಬಿಡುತ್ತದೆಯೆ? ಮೊದಲ ಕೆಲವು ತಿಂಗಳು ಹೆಚ್ಚುವ ತಾಕತ್ತಿನಲ್ಲಿ ಬಹುಪಾಲು ನರಗಳದ್ದು. ಇರುವ ಸ್ನಾಯುವನ್ನೇ ಒಟ್ಟಿಗೆ ಎಬ್ಬಿಸಿ ಕೆಲಸಕ್ಕೆ ಹಚ್ಚಲು ಅವು ಕಲಿಯುತ್ತವೆ. ಕನ್ನಡಿಗೆ ಏನೂ ಗೊತ್ತಾಗುವುದಿಲ್ಲ, ಬಾರಿಗೆ ಗೊತ್ತಾಗುತ್ತದೆ. ಈ ಕಸುಬಿನ ಅತಿ ಸೊಗಸಾದ ಹೊತ್ತು ಅದೇ ಎಂದು ನನ್ನ ಎಣಿಕೆ.

ಎತ್ತುವ ಹೆಂಗಸನ್ನು ನೋಡುವವರು ಮೊದಲು ನೋಡುವುದು ಏನನ್ನು? ಕುಸ್ತಿಯ ಹಮೀದಾ ಬಾನು ಅವರನ್ನು ತೆಗೆದುಕೊಳ್ಳಿ. ತನ್ನನ್ನು ಸೋಲಿಸಿದವನನ್ನು ಮದುವೆಯಾಗುತ್ತೇನೆಂದು ಸವಾಲು ಹಾಕಿ, 1954ರ ಮೇ ತಿಂಗಳಲ್ಲಿ ವಡೋದರಾದಲ್ಲಿ ಬಾಬಾ ಪೈಲ್ವಾನನನ್ನು 1 ನಿಮಿಷ 34 ಸೆಕೆಂಡಿನಲ್ಲಿ ಮಣ್ಣುಮುಕ್ಕಿಸಿದವರು. ಅಷ್ಟು ಚಿಕ್ಕ ಕುಸ್ತಿಯ ಬಗ್ಗೆ ಬರೆಯಲು ಏನಿದೆ ಎಂದೋ ಏನೋ, ಪತ್ರಿಕೆಗಳು ಆಕೆಯ ಮೈಯನ್ನೂ ತಟ್ಟೆಯನ್ನೂ ಹಿಡಿದುಕೊಂಡವು: ಎತ್ತರ ಐದಡಿ ಮೂರಿಂಚು, ತೂಕ 108 ಕೆ.ಜಿ., ದಿನಕ್ಕೆ ಐದೂವರೆ ಲೀಟರಿಗೂ ಮಿಕ್ಕಿ ಹಾಲು, ಒಂದು ಇಡೀ ಕೋಳಿ, ಆರು ಮೊಟ್ಟೆ, ಎರಡು ತಟ್ಟೆ ಬಿರಿಯಾನಿ. ಯಾವ ಪಟ್ಟು ಹಾಕಿ ಕೆಡವಿದರು ಎಂದು ಹುಡುಕಿ ಹುಡುಕಿ ಸೋತೆ; ಬಿರಿಯಾನಿ ಮಾತ್ರ ಹೋದಲ್ಲೆಲ್ಲ ಸಿಗುತ್ತದೆ. ಗಂಡು ಪೈಲ್ವಾನನ ಖುರಾಕನ್ನೂ ನಮ್ಮ ಮೈಸೂರಿನಲ್ಲಿ ಬೆರಗಿನಿಂದಲೇ ಹೇಳಿಕೊಳ್ಳುತ್ತಾರೆ, ನಿಜ. ಆದರೆ ಅದನ್ನು ಹೇಳುವಾಗ ಮೀಸೆ ತಿರುವುತ್ತಾರೆ, ಇದನ್ನು ಹೇಳುವಾಗ ಬಾಯಿಗೆ ಕೈ ಅಡ್ಡ ಇಡುತ್ತಾರೆ.

ಗಂಡಸರು 1896ರ ಮೊದಲ ಒಲಿಂಪಿಕ್ಸಿನಲ್ಲೇ ಭಾರ ಎತ್ತಿದರು. ಹೆಂಗಸರಿಗೆ ಆ ಬಾಗಿಲು ತೆರೆದದ್ದು 2000ದ ಸಿಡ್ನಿಯಲ್ಲಿ. ತೆರೆದ ಆ ಸಲವೇ ಕರ್ಣಂ ಮಲ್ಲೇಶ್ವರಿ 69 ಕೆ.ಜಿ. ವಿಭಾಗದಲ್ಲಿ ಸ್ನ್ಯಾಚ್ 110, ಕ್ಲೀನ್ ಆ್ಯಂಡ್ ಜರ್ಕ್ 130, ಒಟ್ಟು 240 ಕೆ.ಜಿ. ಎತ್ತಿ ಕಂಚು ತಂದರು. ಭಾರತದ ಹೆಂಗಸೊಬ್ಬಳ ಮೊದಲ ಒಲಿಂಪಿಕ್ ಪದಕ. ಟೋಕಿಯೊದಲ್ಲಿ ಮೀರಾಬಾಯಿ ಚಾನು 49 ಕೆ.ಜಿ. ವಿಭಾಗದಲ್ಲಿ 115 ಕೆ.ಜಿ.ಯನ್ನು ತಲೆಯ ಮೇಲೆತ್ತಿ ನಿಂತರು. ಈ ಆಟದಲ್ಲಿ ಹೆಂಗಸಿನ ತೂಕವನ್ನು ಎಲ್ಲರೆದುರು ಬೋರ್ಡಿನ ಮೇಲೆ ಬರೆಯುತ್ತಾರೆ, ಅದು ಯಾರಿಗೂ ಬೈಗುಳವಲ್ಲ ಎಂಬುದು ನನಗೆ ಬಹಳ ಇಷ್ಟ. ತಕ್ಕಡಿ ಅಲ್ಲಿಯೂ ಕರುಣಾಳುವೇನಲ್ಲ. ಪ್ಯಾರಿಸ್ಸಿನಲ್ಲಿ ನೂರು ಗ್ರಾಮಿಗಾಗಿ ವಿನೇಶ್ ಫೋಗಟ್ ಕುಸ್ತಿಯ ಫೈನಲ್ ಕಳೆದುಕೊಂಡದ್ದನ್ನು ನೋಡಿದ್ದೇವಲ್ಲ.

ಈಗ ನನ್ನ ಸಿಟ್ಟಿಗೆ ಬರುತ್ತೇನೆ. ಸೋದರತ್ತೆಯರ ಕಾಟ ಹಳೆಯದು, ಅದಕ್ಕೆ ಮೈ ಒಗ್ಗಿದೆ. ಒಗ್ಗದೇ ಇರುವುದು ಎತ್ತುವವರ ಗುಂಪಿನೊಳಗಿಂದಲೇ ಹುಟ್ಟಿದ ಹೊಸ ಕಾಟ. ಬಳುಕುವ ಬಳ್ಳಿಯಾಗಿರು ಎನ್ನುತ್ತಿದ್ದ ಬಾಯಿ ಈಗ ಹೊಟ್ಟೆಯ ಮೇಲೆ ಆರು ಗೆರೆ ಕಾಣಬೇಕು, ಹಿಂಭಾಗ ದುಂಡಗಾಗಬೇಕು, ಸೊಂಟ ಮಾತ್ರ ಹಾಗೇ ಇರಬೇಕು ಎನ್ನುತ್ತದೆ. ಅಕ್ಕಪಕ್ಕ ಎರಡು ಫೋಟೊ ಹಾಕುತ್ತಾರೆ, 'ಆಗ' ಒಂದು, 'ಈಗ' ಒಂದು. ಎಷ್ಟು ಕೆ.ಜಿ. ಎತ್ತಿದೆ ಎಂದು ಬರೆದಿರುವುದಿಲ್ಲ, ಎಷ್ಟು ಕೆ.ಜಿ. ಇಳಿದೆ ಎಂದೇ ಬರೆದಿರುತ್ತದೆ. ಬಾರ್ ಹಿಡಿದರೂ ಹೆಂಗಸಿಗೆ ಕನ್ನಡಿ ತಪ್ಪಲಿಲ್ಲ.

ನಮ್ಮ ಜಿಮ್ಮಿಗೆ ಕಾಲೇಜು ಹುಡುಗಿಯೊಬ್ಬಳು ಬರುತ್ತಿದ್ದಳು. ಸ್ಕ್ವಾಟ್ ಬಲು ಚೆನ್ನ: ಹಿಮ್ಮಡಿ ಏಳುತ್ತಿರಲಿಲ್ಲ, ಮಂಡಿ ಒಳಕ್ಕೆ ಬೀಳುತ್ತಿರಲಿಲ್ಲ, ತಳದಲ್ಲಿ ಕ್ಷಣ ತಡೆದು ನೆಟ್ಟಗೆ ಏಳುತ್ತಿದ್ದಳು. ನೋಡುತ್ತಿದ್ದರೆ ನನಗೇ ಹೊಟ್ಟೆಕಿಚ್ಚು. ಅಕ್ಕನ ಮದುವೆ ಬಂತೆಂದು ಸೌತೆಕಾಯಿ, ಗ್ರೀನ್ ಟೀ ಶುರುಮಾಡಿದಳು. ತಿಂಗಳಾಗುವಷ್ಟರಲ್ಲಿ ಹೋದಸಲ ಲೀಲೆಯಾಗಿ ಎತ್ತಿದ ಭಾರದಡಿ ಕಾಲು ನಡುಗತೊಡಗಿತು. ಟ್ರೈನರ್ ಅವಳ ಕೆನ್ನೆ ಒಳಸೇರಿದ್ದನ್ನು ತೋರಿಸಿ "ಡೆಡಿಕೇಶನ್ ಅಂದ್ರೆ ಇದು" ಎಂದು ಎಲ್ಲರಿಗೂ ಹೇಳಿದ. ಆಮೇಲೆ ಎಷ್ಟೋ ದಿನಕ್ಕೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಅವಳು ಮೆಲ್ಲಗೆ, "ಅಕ್ಕಾ, ಮೂರು ತಿಂಗಳಿಂದ ಮುಟ್ಟಾಗಿಲ್ಲ, ಏನಾಗಲ್ಲ ಅಲ್ವಾ?" ಎಂದಳು. ಏನಾಗಲ್ಲ ಅಲ್ವಾ! ದುಡಿಮೆಗೆ ತಕ್ಕ ಅನ್ನ ಬೀಳದಿದ್ದರೆ ಮೈ ಮೊದಲು ಮುಟ್ಟನ್ನು ನಿಲ್ಲಿಸುತ್ತದೆ, ಆಮೇಲೆ ಮೂಳೆಗೆ ಕೈಹಾಕುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು ಇದಕ್ಕೊಂದು ಹೆಸರನ್ನೂ ಕೊಟ್ಟು 2014ರಲ್ಲೇ ಬರೆದಿಟ್ಟಿದ್ದಾರೆ. ಮೂಳೆ ಗಟ್ಟಿಯಾಗಲೆಂದು ಭಾರ ಎತ್ತುವುದು, ಆ ಮೂಳೆಯನ್ನೇ ಸವೆಸುವಷ್ಟು ಉಪವಾಸ ಬೀಳುವುದು! 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಈ ದೇಶದಲ್ಲಿ 15ರಿಂದ 49 ವಯಸ್ಸಿನ ನೂರು ಹೆಂಗಸರಲ್ಲಿ 57 ಮಂದಿಗೆ ರಕ್ತಹೀನತೆ. ಅಂಥ ಕಡೆ ನಿಂತು ಹುಡುಗಿಯರಿಗೆ 'ಬ್ರೈಡಲ್ ಪ್ಯಾಕೇಜ್' ಎಂದು ಅನ್ನ ಬಿಡಿಸುವ ಬೋರ್ಡು ತೂಗುಹಾಕುವವರಿಗೆ ಏನು ಹೇಳಬೇಕು? ಡಾಕ್ಟರ ಹತ್ತಿರ ಹೋಗು, ಅನ್ನ ತಿನ್ನು ಎಂದೆ. ಈಗ ಅವಳು ಬರುತ್ತಿಲ್ಲ. ಬೋರ್ಡು ಹಾಗೇ ಇದೆ.

ಬೋರ್ಡಿನ ಬಗ್ಗೆ ಮಾಲೀಕರ ಜೊತೆ ಜಗಳಕ್ಕೆ ಹೋದವಳು ಬಿಡುವುದೇಕೆಂದು ಹೆಂಗಸರ ಬಾರನ್ನೂ ಕೇಳಿದೆ. "ಲೇಡೀಸ್‌ಗೆ ಝುಂಬಾ ಇಟ್ಟಿದ್ದೀವಲ್ಲ ಮೇಡಂ" ಎಂದರು. ಹಿಡಿದ ಪಟ್ಟು ಬಿಡಲಿಲ್ಲ. ಕೊನೆಗೂ ಬಂತು ಹದಿನೈದು ಕೆ.ಜಿ.ಯ ತೆಳು ಬಾರ್, ಹೊಸ ಎಣ್ಣೆಯ ವಾಸನೆ, ಒಂದೇ ಬೆರಳಲ್ಲಿ ತಿರುವಿದರೆ ಸರಸರ ತಿರುಗುವ ತುದಿ. ಹುಕ್ ಗ್ರಿಪ್ಪಿಗೆ ನನ್ನ ಬೆರಳು ಮೊದಲ ಸಲ ಪೂರ್ತಿ ಸುತ್ತಿ ಬಂತು. ನೆಲದಿಂದ ಎತ್ತಿ ನಿಂತರೆ, ಕೈ ಎಂಬುದೊಂದು ಇದೆ ಎನ್ನುವುದೇ ಮರೆತುಹೋಗುವಷ್ಟು ಹಗುರ.

ಆ ಸುಖ ಹೆಚ್ಚು ದಿನ ಉಳಿಯಲಿಲ್ಲ. ಬಾರ್ ಐದು ಕೆ.ಜಿ. ಕಡಿಮೆ ಎಂದು ಹುಡುಗರಿಗೆ ಗೊತ್ತಾಯಿತು. ಈಗ ಸಂಜೆ ಹೋದರೆ ಒಬ್ಬನಲ್ಲ ಒಬ್ಬ ಅದನ್ನು ಸ್ಕ್ವಾಟ್ ರ‍್ಯಾಕಿನೊಳಗೆ ತಂದಿಟ್ಟುಕೊಂಡು, ಕನ್ನಡಿಯೆದುರು ಟೀಷರ್ಟಿನ ತೋಳು ಮಡಚಿ, ಬೈಸೆಪ್ಸ್ ಕರ್ಲ್ ಮಾಡುತ್ತಿರುತ್ತಾನೆ. ಕರ್ಲ್ ಮಾಡಲು ಇಡೀ ಜಿಮ್ಮಿನ ನೆಲ ಬಿದ್ದಿದೆ, ಸ್ಕ್ವಾಟಿಗೆ ಇರುವುದು ಅದೊಂದೇ ರ‍್ಯಾಕು. ಕೇಳಿದರೆ "ಲಾಸ್ಟ್ ಸೆಟ್ ಆಂಟಿ" ಎನ್ನುತ್ತಾನೆ. ಮೂರು ಲಾಸ್ಟ್ ಸೆಟ್ಟಾದರೂ ಬಿಡುವ ಲಕ್ಷಣವಿಲ್ಲ. ಮೊನ್ನೆಯಂತೂ ನಾನೇ ಬಾರಿನ ಇನ್ನೊಂದು ತುದಿ ಹಿಡಿದು, "ಬಾಪ್ಪ, ಹೊರಗಿಡೋಣ" ಎಂದೆ. ಕೈ ಉಜ್ಜಿಕೊಂಡು ಪಕ್ಕಕ್ಕೆ ಸರಿದ. ನೋಡಿದರೆ ಆ ಕೈಗೂ ಗ್ಲೌಸು.